ಕೆಂಗೇರಿಯ ಶೆಡ್ಡಿನಲ್ಲಿ ತೆರೆದಿದ್ದ ಬಾಗಿಲು

ಬಸವೇಶ್ವರನಗರದಿಂದ ಕೆಂಗೇರಿಗೆ ಹೋಗಿಬರುವುದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮನೆ ಸೇರಬಹುದಾದ ದೂರ ಅದು. ಆದರೆ ಕಳೆದ ತಿಂಗಳ ಒಂದು ಶುಕ್ರವಾರ ನಾನು ಮತ್ತು ನನ್ನ ಸೋದರಮಾವ ಹೋಗಿಬಂದ ಆ ದಾರಿಯನ್ನು ನೆನೆದಾಗಲೆಲ್ಲ ನನ್ನ ಅಂಗೈ ಈಗಲೂ ತಣ್ಣಗಾಗುತ್ತದೆ, ಮರುಕ್ಷಣ ಸಿಟ್ಟು ಬರುತ್ತದೆ. ಬರೆದರೆ ಎರಡರಲ್ಲಿ ಒಂದಾದರೂ ಕಡಿಮೆಯಾದೀತು ಎಂದು ಕೂತಿದ್ದೇನೆ.

ನಾವು ಹೊರಟದ್ದು ಒಂದು ಸಾಫ್ಟ್‌ವೇರ್ ಆರಿಸುವುದಕ್ಕೆ. ಮಾವ ರಂಗಸ್ವಾಮಿಯವರಿಗೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡಿದೆ. ಅದರಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಎರಡು ಯಂತ್ರಗಳಿವೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಅಲ್ಲೇ ಮೇಲಿನ ಕೋಣೆಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಗಿರಾಕಿ ಕಳಿಸಿದ ನಕ್ಷೆಯನ್ನು ತೆರೆದು, ಕೊರೆಯುವ ಟೂಲು ಯಾವ ದಾರಿಯಲ್ಲಿ ಓಡಬೇಕೆಂದು ತೀರ್ಮಾನಿಸಿ, ಅದನ್ನು ಯಂತ್ರಕ್ಕೆ ತಿಳಿಯುವ ಪ್ರೋಗ್ರಾಂ ಮಾಡಿ ಕೆಳಗೆ ಕಳಿಸುವುದು ನನ್ನ ಪಾಲಿನ ಕೆಲಸ. ನಮ್ಮ ಹಳೆಯ ಸಾಫ್ಟ್‌ವೇರ್‌ಗೆ ವಯಸ್ಸಾಗಿತ್ತು. ಹೊಸ ಗಿರಾಕಿಯೊಬ್ಬರು ಪಂಪಿನ ಕವಚಗಳ ಆರ್ಡರ್ ಕೊಡುತ್ತೇವೆಂದು ಕಳಿಸಿದ ಫೈಲನ್ನು ಅದು ತೆರೆಯಲೇ ಇಲ್ಲ. ಆ ಆರ್ಡರ್ ಕೈಬಿಟ್ಟುಹೋಗಬಾರದು ಎಂಬ ಅವಸರ ಮಾವನಿಗೆ.

ಮೊದಲ ನಿಲುಗಡೆ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಬಸವೇಶ್ವರನಗರದಲ್ಲೇ ಒಂದು ಮನೆಯ ಮಹಡಿಯ ಬಾಡಿಗೆ ಭಾಗದಲ್ಲಿ ಶೈಲಜಾ ಎಂಬುವರು ಒಂದು ಸಾಫ್ಟ್‌ವೇರ್ ಮಾರುತ್ತಾರೆ. ಮೆಟ್ಟಿಲ ಮೇಲೆ ಒಣಗಲು ಹಾಕಿದ್ದ ಬಟ್ಟೆ ಸರಿಸಿಕೊಂಡು ಹತ್ತಿದೆವು. ಅವರು ಕಂಪ್ಯೂಟರ್ ಆನ್ ಮಾಡುವುದಕ್ಕೆ ಮೊದಲೇ ಪ್ರಶ್ನೆ ಕೇಳತೊಡಗಿದರು. ಯಂತ್ರದ ಕಂಟ್ರೋಲರ್ ಯಾವುದು, ಕೆಲಸದ ತುಂಡನ್ನು ಇಕ್ಕಳದಂಥ ವೈಸಿನಲ್ಲಿ ಹಿಡಿಯುತ್ತೀರೋ ಯಂತ್ರದ ಮೇಜಿನ ಮೇಲಿಟ್ಟು ಕ್ಲಾಂಪು ಹಾಕಿ ಬಿಗಿಯುತ್ತೀರೋ, ಕ್ಲಾಂಪಿನ ಎತ್ತರ ಎಷ್ಟು.

"ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಮೇಡಂ, ಮೊದ್ಲು ಓಡ್ಸಿ ತೋರ್ಸಿ," ಎಂದರು ಮಾವ.

"ನಿಮ್ ಮಷಿನ್ ನೋಡ್ದೆ ಏನು ತೋರಿಸ್ಲಿ ಸಾರ್? ಸಿನಿಮಾ ತೋರಿಸ್ಬೋದು ಅಷ್ಟೆ. ಮೊದ್ಲು ಕ್ಲಾಂಪ್ ಹಾಕಿರೋದ್ರದ್ದು ಒಂದು ಫೋಟೋ ಕಳ್ಸಿ. ನಿಮ್ ಮಷಿನ್ನಿಗೆ ಹೊಂದಿಸಿ ಕೊಡಕ್ಕೆ ಒಂದು ವಾರ ಬೇಕು."

ಕೆಳಗೆ ಇಳಿಯುವಾಗ ಮಾವ ಗೊಣಗಿದರು. "ಒಂದು ವಾರ ಅಂತೆ. ಸಾಮಾನು ಮಾರಕ್ಕೆ ಕೂತಿದಾರೋ, ಸಂಬಂಧ ನೋಡಕ್ಕೆ ಬಂದಿದಾರೋ. ಜಾತಕ ಒಂದು ಕೇಳ್ಲಿಲ್ಲ."

ನಾನೂ ನಕ್ಕೆ.

ಎರಡನೆಯ ನಿಲುಗಡೆ ವಿಜಯನಗರ. ಮಾವನ ಸ್ಕೂಟರನ್ನು ಮೆಟ್ರೋ ನಿಲ್ದಾಣದ ಹತ್ತಿರ ನಿಲ್ಲಿಸಿ, ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ತಟ್ಟೆ ಇಡ್ಲಿ ತಿಂದು ಬೈಟು ಕಾಫಿ ಕುಡಿದೆವು. ಬಿಸಿಲು ಆಗಲೇ ಏರಿತ್ತು. ಹೊಂಗೆ ಮರಗಳಲ್ಲಿ ಹೊಸ ಎಲೆ ಬಂದು ಫುಟ್‌ಪಾತಿನ ಮೇಲೆ ತಿಳಿ ನೆರಳು ಬಿದ್ದಿತ್ತು. ಡೀಲರ್ ಕಚೇರಿ ಒಂದು ಬಟ್ಟೆ ಅಂಗಡಿಯ ಮೇಲೆ. ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ಪರದೆ. ಕಾರ್ತಿಕ್ ಎಂಬ ಮೂವತ್ತರ ಸೇಲ್ಸ್ ಮ್ಯಾನೇಜರ್ ಎದ್ದು ಬಂದು ಮಾವನ ಕೈ ಕುಲುಕಿದ. ಬಾದಾಮಿ ಹಾಲು ತರಿಸಿದ.

ಅವನು ತೋರಿಸಿದ್ದು ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ನಮ್ಮ ಪಂಪಿನ ಕವಚದ ಫೈಲು ತಟ್ಟನೆ ತೆರೆಯಿತು. ಪರದೆಯ ಮೇಲೆ ಒಂದು ವೈಸು, ಅದರ ಬಾಯಲ್ಲಿ ಅಲ್ಯೂಮಿನಿಯಂ ತುಂಡು. ಟೂಲು ಬಂದು ಬೆಣ್ಣೆ ಕೊರೆದಂತೆ ಕೊರೆಯಿತು. ಕೊನೆಗೆ ಇಡೀ ಚಿತ್ರ ಹಸಿರಾಯಿತು. ಹಸಿರು ಎಂದರೆ ಎಲ್ಲೂ ಡಿಕ್ಕಿ ಇಲ್ಲ ಎಂದು ಅರ್ಥ.

"ಈಗ ನೀವು ಹೊಸಾ ಪ್ರೋಗ್ರಾಂ ಬಂದ್ರೆ ಏನ್ ಮಾಡ್ತೀರಾ ಮೇಡಂ?" ಎಂದು ಕಾರ್ತಿಕ್ ನನ್ನನ್ನು ಕೇಳಿದ.

ಗಾಳಿಯಲ್ಲಿ ಓಡಿಸುತ್ತೇವೆ ಎಂದೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಅದು ಹಳೆಯ ಪದ್ಧತಿ. ಹೊಸ ಪ್ರೋಗ್ರಾಂ ಬಂದಾಗ ಟೂಲನ್ನು ಕೆಲಸದ ತುಂಡಿಗಿಂತ ಒಂದು ಗೇಣು ಮೇಲೆ ಎತ್ತಿಟ್ಟು, ಏನನ್ನೂ ಮುಟ್ಟದೆ ಗಾಳಿಯಲ್ಲೇ ಪೂರ್ತಿ ಒಂದು ಸಲ ಓಡಿಸಿ ನೋಡುವುದು. ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ನಿಜವಾದ ಕೆಲಸ.

"ಅದೇ ಮೇಡಂ, ಅದೇ ವೇಸ್ಟು," ಎಂದ ಕಾರ್ತಿಕ್. "ನಮ್ಮದ್ರಲ್ಲಿ ಗಾಳಿ ಗೀಳಿ ಏನೂ ಬೇಡ. ಇಲ್ಲಿ ಹಸಿರು ಬಂತಾ, ಕಣ್ಮುಚ್ಕೊಂಡು ಬಟನ್ ಒತ್ತಿ."

ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಇಂದೇ ಸಹಿ ಹಾಕಿದರೆ ದೊಡ್ಡ ರಿಯಾಯಿತಿ ಎಂದು ಕಾರ್ತಿಕ್ ಹೇಳಿದ. ಮಾವ ಚೆಕ್ಕನ್ನು ಮನೆಯಿಂದಲೇ ತಂದಿದ್ದರು. ಆದರೂ, ನಿಜವಾದ ಯಂತ್ರದ ಮೇಲೆ ನೋಡದೆ ಬೇಡ ಎಂದು ನಾನು ಹಟ ಹಿಡಿದೆ. "ಅದಕ್ಕೇನಂತೆ, ಕೆಂಗೇರೀಲಿ ನಮ್ ಕಸ್ಟಮರ್ ಇದಾರೆ, ನನ್ ಕಾರಲ್ಲೇ ಹೋಗಿ ಬಂದ್ಬಿಡೋಣ ಬನ್ನಿ," ಎಂದ.

ಮೈಸೂರು ರಸ್ತೆ ಎಂದಿನಂತೆ ಇತ್ತು. ನಾಯಂಡಹಳ್ಳಿಯ ಜಂಕ್ಷನ್ನಿನಲ್ಲಿ ಬಹಳ ಹೊತ್ತು ನಿಂತೆವು. ಕಿಟಕಿ ಮುಚ್ಚಿದ್ದರೂ ವೃಷಭಾವತಿಯ ವಾಸನೆ ಒಳಗೆ ಬಂತು. ದಾರಿಯುದ್ದಕ್ಕೂ ಕಾರ್ತಿಕ್ ಯಾವ ಯಾವ ಕಂಪನಿ ತಮ್ಮ ಸಾಫ್ಟ್‌ವೇರ್ ಕೊಂಡಿದೆ ಎಂದು ಹೇಳುತ್ತಲೇ ಇದ್ದ. ತಲೆಯ ಮೇಲೆ ಮೆಟ್ರೋ ಗಾಡಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಕೆಂಗೇರಿ ದಾಟಿ ಬಲಕ್ಕೆ ತಿರುಗಿ, ಮಣ್ಣಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಶೆಡ್ಡುಗಳ ಸಾಲು. ಹಿಂದೆ ರಾಗಿ ಹೊಲವಾಗಿದ್ದ ಜಾಗವಂತೆ. ಹೊಲದ ಮನೆತನದವರೇ ಈಗ ಶೆಡ್ಡಿನ ಮಾಲೀಕರು. ಎಲ್ಲರೂ ಅವರನ್ನು ಗೌಡ್ರು ಎನ್ನುತ್ತಿದ್ದರು.

ಗೌಡರು ಆದರದಿಂದಲೇ ಬರಮಾಡಿಕೊಂಡರು. ಕಾರ್ತಿಕ್ ಮಹಡಿಯಲ್ಲಿದ್ದ ಗೌಡರ ಕ್ಯಾಬಿನ್ನಿನಲ್ಲಿ ಕೂತು, ವಿಜಯನಗರದಲ್ಲಿ ತೋರಿಸಿದ ಅದೇ ಪ್ರೋಗ್ರಾಮನ್ನು ಅವರ ಯಂತ್ರಕ್ಕೆಂದು ಸಿದ್ಧ ಮಾಡಿದ. ಪರದೆ ಹಸಿರಾಯಿತು. ನಾವೆಲ್ಲ ಕೆಳಗಿಳಿದು ಯಂತ್ರದ ಹತ್ತಿರ ಹೋದೆವು.

ಯಂತ್ರ ನಡೆಸುವವರ ಹೆಸರು ನಾಗರಾಜ. ನಲವತ್ತರ ಆಸುಪಾಸು, ನೀಲಿ ಅಂಗಿ, ಕೈಯಲ್ಲಿ ಕೊರೆದ ಲೋಹದ ಸಿಪ್ಪೆ ಗುಡಿಸುವ ಬ್ರಶ್ಶು. ಬೆಳಗಿನಿಂದ ವೈಸಿನಲ್ಲಿ ಬೇರೊಂದು ಕೆಲಸ ಕೂತಿದ್ದರಿಂದ, ಡೆಮೊಗೆಂದು ಕೊಟ್ಟ ಅಲ್ಯೂಮಿನಿಯಂ ತುಂಡನ್ನು ಅವರು ಮೇಜಿನ ಇನ್ನೊಂದು ಬದಿಯಲ್ಲಿ ಇಟ್ಟು ನಾಲ್ಕು ಮೂಲೆಗೆ ಉಕ್ಕಿನ ಕ್ಲಾಂಪು ಬಿಗಿದಿದ್ದರು. ಎಲ್ಲ ಶೆಡ್ಡುಗಳಲ್ಲಿ ದಿನವೂ ನಡೆಯುವ ಸಂಗತಿ ಇದು, ತಪ್ಪೇನೂ ಅಲ್ಲ. ಆದರೆ ಮೇಲಿನ ಪರದೆಯಲ್ಲಿ ಇದ್ದದ್ದು ವೈಸು. ಕ್ಲಾಂಪು ಅಲ್ಲಿ ಇರಲೇ ಇಲ್ಲ.

ಇನ್ನೊಂದು ವಿಷಯ ಹೇಳಬೇಕು. ಇಂಥ ಯಂತ್ರಕ್ಕೆ ಜಾರುವ ಬಾಗಿಲಿರುತ್ತದೆ. ಬಾಗಿಲು ಮುಚ್ಚಿದಾಗ ಅದಕ್ಕೆ ಜೋಡಿಸಿದ ಲೋಹದ ಒಂದು ನಾಲಿಗೆ ಚೌಕಟ್ಟಿನ ಸ್ವಿಚ್ಚಿನೊಳಗೆ ಹೋಗಿ ಕೂರುತ್ತದೆ. ಕೂತರೆ ಮಾತ್ರ ಯಂತ್ರ ಓಡಬೇಕು. ನಮ್ಮವರು ಆ ನಾಲಿಗೆಯನ್ನು ಬಾಗಿಲಿನಿಂದ ಬಿಚ್ಚಿ ಸ್ವಿಚ್ಚಿನೊಳಗೇ ಶಾಶ್ವತವಾಗಿ ತುರುಕಿಬಿಡುತ್ತಾರೆ. ಆಗ ಬಾಗಿಲು ಹಾರು ಹೊಡೆದಿದ್ದರೂ ಮುಚ್ಚಿದೆ ಎಂದೇ ಯಂತ್ರ ತಿಳಿದುಕೊಳ್ಳುತ್ತದೆ. ನಾನು ನೋಡಿದ ಶೆಡ್ಡುಗಳಲ್ಲೆಲ್ಲ ಹೀಗೆಯೇ ಇದೆ. ಮಾವನ ಶೆಡ್ಡಿನಲ್ಲೂ.

"ಗೆಸ್ಟುಗಳಿಗೆ ಚೆನ್ನಾಗಿ ಕಾಣ್ಲಿ, ಬಾಗ್ಲು ಪೂರ್ತಿ ಸರ್ಸೋ," ಎಂದರು ಗೌಡರು. ನಾಗರಾಜ ಸರಿಸಿದರು. ಟೂಲನ್ನು ತಣ್ಣಗಿಡುವ ಕೂಲೆಂಟ್ ನೀರನ್ನೂ ನಿಲ್ಲಿಸಿದರು, ನಮ್ಮ ಬಟ್ಟೆಗೆ ಸಿಡಿಯಬಾರದೆಂದು.

"ಮೊದಲು ಗಾಳೀಲಿ ಒಂದ್ಸಲ ಬಿಟ್ಟು ನೋಡೋಣ್ವಾ?" ಎಂದು ನಾನು ಕೇಳಿದೆ.

ಬಟನ್ನಿನ ಮೇಲಿದ್ದ ನಾಗರಾಜರ ಬೆರಳು ನಿಂತಿತು. ಅವರು ಗೌಡರ ಮುಖ ನೋಡಿದರು. ಕಾರ್ತಿಕ್ ನಕ್ಕ. "ಅಯ್ಯೋ ಮೇಡಂ, ಅದನ್ನ ಬಿಡ್ಸೋದಕ್ಕೇ ಅಲ್ವಾ ಇಷ್ಟು ದೂರ ಕರ್ಕೊಂಡ್ ಬಂದಿದ್ದು."

"ಒತ್ತೋ," ಎಂದರು ಗೌಡರು.

ಮೊದಲ ಭಾಗ ಸೊಗಸಾಗಿಯೇ ಬಂತು. ಬೆಳ್ಳಿ ಎಳೆಗಳಂಥ ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು. ಮಾವ ಮುಂದಕ್ಕೆ ಬಾಗಿ ನೋಡುತ್ತ ಜೇಬಿನ ಪೆನ್ನು ಮುಟ್ಟಿಕೊಂಡರು. ಅದು ಅವರು ಮನಸ್ಸು ಮಾಡಿದ ಗುರುತು. ನಾಗರಾಜ ತೆರೆದ ಬಾಗಿಲಿನೊಳಗೆ ಅರ್ಧ ಮೈ ಬಗ್ಗಿಸಿ ಬ್ರಶ್ಶಿನಿಂದ ಸಿಪ್ಪೆ ಗುಡಿಸುತ್ತಿದ್ದರು. ನೀರು ಇಲ್ಲದ್ದರಿಂದ ಸಿಪ್ಪೆ ತಾನಾಗಿ ಹರಿದು ಹೋಗುತ್ತಿರಲಿಲ್ಲ. ನಾನು ಅವರ ಪಕ್ಕದಲ್ಲಿದ್ದೆ. ಅವರ ಮಾತಿನ ಧಾಟಿ ನಮ್ಮ ಅಜ್ಜಿಯ ಊರಿನ ಕಡೆಯದು ಅನ್ನಿಸಿ ಸುಮ್ಮನೆ ಕೇಳಿದೆ, "ಅಣ್ಣ, ನಿಮ್ದು ಯಾವೂರು?"

ಅವರು ತಲೆ ಹೊರಗೆ ತೆಗೆದು ನನ್ನ ಕಡೆ ತಿರುಗಿದರು. ಉತ್ತರ ಹೇಳಲು ಬಾಯಿ ತೆರೆದಿದ್ದರು.

ಟೂಲು ಎರಡನೆಯ ಭಾಗಕ್ಕೆಂದು ಅಡ್ಡಕ್ಕೆ ಹಾರಿತು. ಪರದೆಯಲ್ಲಿ ಆ ದಾರಿ ಖಾಲಿಯಾಗಿತ್ತು, ಇಲ್ಲಿ ಮೂಲೆಯಲ್ಲಿ ಉಕ್ಕಿನ ಕ್ಲಾಂಪು ಇತ್ತು. ಆ ಸದ್ದನ್ನು ಹೇಗೆ ಹೇಳಲಿ. ಡಿಕ್ಕಿಯ ಸದ್ದಲ್ಲ ಅದು, ಏನೋ ಒಡೆದು ಹಾರಿದ ಸದ್ದು. ನಾಗರಾಜರ ತಲೆ ಒಂದು ಉಸಿರಿನ ಹಿಂದೆ ಎಲ್ಲಿತ್ತೋ ಆ ಜಾಗದ ಮೂಲಕ ಟೂಲಿನ ಮುರುಕು ಬಂದು, ಅವರ ಕಿವಿಯ ತುದಿ ಕೊಯ್ದು, ನನ್ನ ಮತ್ತು ಮಾವನ ನಡುವೆ ಹಾದು, ಹಿಂದಿನ ಪ್ಲೈವುಡ್ ಹಲಗೆಯಲ್ಲಿ ನೆಟ್ಟುಕೊಂಡಿತು. ಯಾರೂ ಅಲುಗಲಿಲ್ಲ. ರಕ್ತ ಸುರಿಯುತ್ತಿದ್ದ ನಾಗರಾಜರೇ ಕೈ ಚಾಚಿ ಕೆಂಪು ಬಟನ್ ಹೊಡೆದು ಯಂತ್ರ ನಿಲ್ಲಿಸಿದರು.

ಆಮೇಲೆ ಕೇಳಿದ ಮಾತುಗಳನ್ನು ಕೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಕಾರ್ತಿಕ್ ಹೇಳಿದ, "ಸಾರ್, ಇದು ಸಾಫ್ಟ್‌ವೇರ್ ಪ್ರಾಬ್ಲಂ ಅಲ್ಲ."

ಗೌಡರು ಹೇಳಿದರು, "ಲೋ, ಸ್ಪಿಂಡಲ್ ಹೋಯ್ತಾ ನೋಡೋ ಮೊದ್ಲು." ಟೂಲನ್ನು ಹಿಡಿದು ತಿರುಗಿಸುವ ಭಾಗ ಅದು, ಯಂತ್ರದಲ್ಲೇ ದುಬಾರಿ.

ಕಾರ್ತಿಕ್ ಮತ್ತೆ ಹೇಳಿದ, "ವೈಸಲ್ಲಿ ಹಿಡೀಬೇಕಿತ್ತು. ಸೆಟ್ಟಿಂಗ್ ಮಿಸ್ಟೇಕ್ ಇದು. ಆಪರೇಟರ್ ಮಿಸ್ಟೇಕ್."

ಇಷ್ಟು ಹೊತ್ತು ನಾಗರಾಜ ಕಿವಿಗೆ ಎಣ್ಣೆ ಒರೆಸುವ ಬಟ್ಟೆ ಒತ್ತಿಕೊಂಡು ನಿಂತಿದ್ದರು. ಕಡಿವಾಣ ಹಾಕದ ಸಿಟ್ಟು ಎಂದರೇನೆಂದು ನನಗೆ ಅವತ್ತು ಗೊತ್ತಾಯಿತು. ಬಾಗಿಲು ತೆಗೆಸಿದ್ದು ಯಾರು? ನೀರು ನಿಲ್ಲಿಸಿದ್ದು ಯಾರ ಬಟ್ಟೆಗಾಗಿ? ಗಾಳಿಯಲ್ಲಿ ಓಡಿಸಬೇಡಿ ಎಂದದ್ದು ಯಾರು? ಇಷ್ಟನ್ನೂ ಕೇಳಿದೆ. "ಮೇಡಂ, ನೀವು ಎಮೋಷನಲ್ ಆಗ್ತಿದೀರಾ, ಮೇಲೆ ಕೂತು ಮಾತಾಡೋಣ," ಎಂದ ಕಾರ್ತಿಕ್. ಮೇಲೆ ಎ.ಸಿ. ಇತ್ತು.

ಮಾವ ಅಲ್ಲಿಯ ತನಕ ಆ ಹಲಗೆಯಲ್ಲಿ ನೆಟ್ಟಿದ್ದ ಮುರುಕನ್ನೇ ನೋಡುತ್ತಿದ್ದರು. ಅವರು ಬಂದು ನಾಗರಾಜರ ತೋಳು ಹಿಡಿದು, "ನಡೀರಿ, ಡಾಕ್ಟ್ರ ಹತ್ರ ಹೋಗೋಣ," ಎಂದರು. ಕಾರು ತರುತ್ತೇನೆ ಎಂದು ಕಾರ್ತಿಕ್ ಹೇಳಿದರೂ ನಾನು ಅದರಲ್ಲಿ ಹತ್ತಲಿಲ್ಲ. ರಸ್ತೆಗೆ ಬಂದು ಆಟೋ ಹಿಡಿದೆವು. ರಕ್ತ ನೋಡಿ ಚಾಲಕ ಮೀಟರೂ ಹಾಕಲಿಲ್ಲ, ಚೌಕಾಸಿಯೂ ಮಾಡಲಿಲ್ಲ. ಕೆಂಗೇರಿ ಉಪನಗರದ ಒಂದು ಸಣ್ಣ ಕ್ಲಿನಿಕ್ಕಿನ ಮುಂದೆ ಇಳಿಸಿ, "ಕೊಡೋದು ಕೊಡಿ ಅಕ್ಕ," ಎಂದ. ನೂರು ರೂಪಾಯಿ ಕೊಟ್ಟೆ.

ವೈದ್ಯೆ ಕಿವಿಗೆ ಹೊಲಿಗೆ ಹಾಕಿ ಟಿ.ಟಿ. ಇಂಜೆಕ್ಷನ್ ಕೊಟ್ಟರು. ಎರಡು ಬೆರಳು ಈಚೆಗೆ ಬಿದ್ದಿದ್ದರೆ ತಮ್ಮ ಹತ್ತಿರ ತರುವ ಕೆಲಸವೇ ಇರುತ್ತಿರಲಿಲ್ಲ ಎಂದು ಮಾಮೂಲು ದನಿಯಲ್ಲಿ ಹೇಳಿದರು. ನಾನು ಎದ್ದು ಬಂದು ಹೊರಗಿನ ಬೆಂಚಿನ ಮೇಲೆ ಕೂತೆ. ನಾಗರಾಜ ತಲೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಸೋಲೂರು ಮೇಡಂ," ಎಂದರು.

ನನಗೆ ಅರ್ಥವಾಗಲಿಲ್ಲ.

"ಯಾವೂರು ಅಂತ ಕೇಳಿದ್ರಲ್ಲ. ಸೋಲೂರು ಹತ್ರ, ಮಾಗಡಿ ರೋಡು."

ನಾನು ಅಳತೊಡಗಿದೆ. ಅವರು ತಬ್ಬಿಬ್ಬಾಗಿ ಮಾವನ ಕಡೆ ನೋಡಿ, "ನಾನೇನ್ ತಪ್ಪು ಹೇಳಿದ್ನಾ ಸಾರ್?" ಎಂದರು.

ಮಾವ ಅಂಗಡಿಯಿಂದ ಎಳನೀರು ತಂದುಕೊಟ್ಟರು. ನಾಗರಾಜರಿಗೆ ಈಗ ಕಿವಿಗಿಂತ ಕೆಲಸದ ಚಿಂತೆ. ಸ್ಪಿಂಡಲ್ ಹಾಳಾಗಿದ್ದರೆ ಗೌಡರು ತನ್ನನ್ನೇ ಹೊಣೆ ಮಾಡಿ ಮನೆಗೆ ಕಳಿಸುತ್ತಾರೆ ಎಂದರು. "ಆಪರೇಟರ್ ಮಿಸ್ಟೇಕ್ ಅಂದ್ಬಿಟ್ರಲ್ಲ ಅವರು, ಕೇಳಿಸ್ಕೊಂಡ್ರಾ?"

"ಕಳಿಸಿದ್ರೆ ಸೀದಾ ನಮ್ ಶೆಡ್ಡಿಗೆ ಬನ್ನಿ. ರಾಜಾಜಿನಗರ," ಎಂದರು ಮಾವ.

ನಾಗರಾಜ ಎಳನೀರಿನ ಕೊಳವೆಯಿಂದ ಬಾಯಿ ತೆಗೆದು ಮಾವನನ್ನು ನೋಡಿದರು. "ಅಲ್ಲಿ ಬಾಗ್ಲು ಮುಚ್ತಾರಾ ಸಾರ್?" ಎಂದು ಕೇಳಿದರು. ಕುಹಕ ಇತ್ತೋ ಇಲ್ಲವೋ ಹೇಳಲಾರೆ. ಮಾವ ದುಡ್ಡು ಕೊಡಲು ಎಳನೀರಿನ ಅಂಗಡಿಯ ಕಡೆ ನಡೆದರು.

ನಾಗರಾಜರ ಹೆಂಡತಿ ಬಂದ ಮೇಲೆ, ನಂಬರ್ ತೆಗೆದುಕೊಂಡು ನಾವು ಹೊರಟೆವು. ಕೆಂಗೇರಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆವು. ಮಧ್ಯಾಹ್ನವಾದ್ದರಿಂದ ಕೂರಲು ಜಾಗ ಸಿಕ್ಕಿತು. ತಣ್ಣನೆಯ ಡಬ್ಬಿ, ಶಾಲೆ ಬಿಟ್ಟ ಹುಡುಗಿಯರ ಹರಟೆ, ಕೆಳಗೆ ಅದೇ ಮೈಸೂರು ರಸ್ತೆ. ಕಣ್ಣು ಮುಚ್ಚಿದರೆ ನಾಗರಾಜರ ತಲೆ ಇನ್ನೂ ಬಾಗಿಲಿನೊಳಗೇ ಇತ್ತು, ಯಾವೂರು ಎಂದು ನಾನು ಕೇಳಿಯೇ ಇರಲಿಲ್ಲ. ಕಣ್ಣು ತೆರೆದುಕೊಂಡೇ ಕೂತೆ.

"ನಮ್ಮಲ್ಲೂ ಆ ನಾಲಿಗೆ ಸ್ವಿಚ್ಚಲ್ಲೇ ಇದೆ ಮಾವ," ಎಂದೆ.

"ಗೊತ್ತು."

"ಮತ್ತೆ?"

"ಮತ್ತೆ ಏನೇ? ಬಾಗ್ಲು ಮುಚ್ಚಿದ್ರೆ ಒಳಗೆ ಏನ್ ಕಾಣುತ್ತೆ? ನಮ್ ಗಾಜು ನೋಡಿದೀಯಾ? ನೀನು ಮೇಲೆ ಕೂತ್ಕೊಂಡು ಹೇಳ್ತೀಯಾ. ಸಿದ್ದಪ್ಪ ಕುರುಡನ ಹಾಗೆ ಕೆಲ್ಸ ಮಾಡ್ಬೇಕಾ?" ಸಿದ್ದಪ್ಪ ನಮ್ಮ ಶೆಡ್ಡಿನ ಹಿರಿಯ ಆಪರೇಟರ್.

"ಕುರುಡನ ಹಾಗೆ ಮಾಡೋದು ಬೇಡ ಅಂತ ತಲೆ ಒಳಗೆ ಇಟ್ಕೊಂಡು ಮಾಡ್ಬೇಕಾ?"

ಎದುರು ಕೂತವರು ನಮ್ಮನ್ನು ನೋಡಿದರು. ದೀಪಾಂಜಲಿನಗರ ಬಂತು. ಮಾವನ ಫೋನು ಬಡಿಯಿತು. ಕಾರ್ತಿಕ್. ಅವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಸ್ಪಿಂಡಲ್‌ಗೆ ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ, ಆ ರೇಟು ಮಾತ್ರ ಇವತ್ತಿಗೇ, ನಾಳೆ ತನ್ನ ಕೈಯಲ್ಲಿ ಇರುವುದಿಲ್ಲ ಎಂದ.

ಮಾವ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಅಲ್ಲಪ್ಪಾ, ನಾಗರಾಜ ಹೇಗಿದಾರೆ ಅಂತ ಕೇಳ್ಲೇ ಇಲ್ವಲ್ಲ."

"ಯಾರು ಸಾರ್?" ಎಂದ ಕಾರ್ತಿಕ್.

ಮಾವ ಫೋನು ಕಟ್ ಮಾಡಿದರು. ಜೇಬಿನಿಂದ ಚೆಕ್ಕು ತೆಗೆದು, ಮಡಚಿ, ಪರ್ಸಿನ ಒಳಗಿನ ಭಾಗಕ್ಕೆ ಸೇರಿಸಿದರು.

ವಿಜಯನಗರದಲ್ಲಿ ಇಳಿದು, ಸ್ಕೂಟರ್ ತೆಗೆದುಕೊಂಡು, ಊಟವನ್ನೂ ಮಾಡದೆ ರಾಜಾಜಿನಗರಕ್ಕೆ ಬಂದೆವು. ಶೆಡ್ಡಿನಲ್ಲಿ ಎರಡೂ ಯಂತ್ರ ಓಡುತ್ತಿದ್ದವು. ದೊಡ್ಡ ಯಂತ್ರದ ಬಾಗಿಲು ತೆರೆದಿತ್ತು. ಸಿದ್ದಪ್ಪ ಅದರೊಳಗೆ ಬಗ್ಗಿ ಬ್ರಶ್ಶಿನಿಂದ ಸಿಪ್ಪೆ ಗುಡಿಸುತ್ತಿದ್ದರು. ಅದೇ ಭಂಗಿ. ನನಗೆ ಶೆಡ್ಡಿನ ಬಾಗಿಲಿನಿಂದ ಒಳಗೆ ಕಾಲಿಡಲಾಗಲಿಲ್ಲ.

ಮಾವ ಯಾರಿಗೂ ಏನೂ ಹೇಳದೆ ನೆಟ್ಟಗೆ ನಡೆದು ಹೋಗಿ, ಸಿದ್ದಪ್ಪನವರ ಭುಜ ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಚೌಕಟ್ಟಿಗೆ ಕೈ ಹಾಕಿ ಆ ಲೋಹದ ನಾಲಿಗೆಯನ್ನು ಕಿತ್ತರು. ಯಂತ್ರ ತಟಕ್ಕನೆ ನಿಂತಿತು. ಪರದೆಯ ಮೇಲೆ ಕೆಂಪು ಅಕ್ಷರಗಳು ಬಂದವು.

"ಏನ್ ಸಾರ್ ಇದು, ಜಾಬ್ ಅರ್ಧಕ್ಕೆ ನಿಂತೋಯ್ತು. ಸ್ಕ್ರಾಪೇ ಇನ್ನು," ಎಂದರು ಸಿದ್ದಪ್ಪ.

"ಆಗ್ಲಿ. ಅದು ಅಲ್ಯೂಮಿನಿಯಂ ಕಣಯ್ಯಾ," ಎಂದರು ಮಾವ. ಬಾಗಿಲು ಎಳೆದು ಮುಚ್ಚಿ, ನನ್ನನ್ನು ಕರೆದರು. "ಆ ಬಸವೇಶ್ವರನಗರದ ಮೇಡಂ ಕ್ಲಾಂಪಿನ ಫೋಟೋ ಕೇಳಿದ್ರಲ್ಲ. ತೆಗಿ."

ಮೊಬೈಲನ್ನು ಬಾಗಿಲ ಗಾಜಿಗೆ ಹಿಡಿದೆ. ವರ್ಷಗಟ್ಟಲೆ ಸಿಡಿದ ಕೂಲೆಂಟಿನಿಂದ, ಸಿಪ್ಪೆಯ ಗೀರುಗಳಿಂದ ಅದು ಮೊಸರಿನ ಬಣ್ಣಕ್ಕೆ ತಿರುಗಿತ್ತು. "ಏನೂ ಕಾಣ್ತಿಲ್ಲ ಮಾವ," ಎಂದೆ. ಮೆಟ್ರೋದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ಮಾವ ತಮ್ಮ ಅಂಗಿಯ ತೋಳಿನಿಂದ ಒರೆಸಿ ನೋಡಿದರು, ಉಜ್ಜಿ ನೋಡಿದರು. ಆಮೇಲೆ ಸ್ಕ್ರೂಡ್ರೈವರ್ ತರಿಸಿ, ತಾವೇ ಮಂಡಿಯೂರಿ ಕೂತು ಗಾಜಿನ ಚೌಕಟ್ಟು ಬಿಚ್ಚತೊಡಗಿದರು. ಸಾಫ್ಟ್‌ವೇರ್ ಆರಿಸುವುದಕ್ಕೆಂದು ಹೊರಟ ನಮ್ಮ ದಿನ ಒಂದು ಕಿಟಕಿಯ ಅಳತೆ ತೆಗೆದುಕೊಳ್ಳುವುದರಲ್ಲಿ ಮುಗಿಯಿತು.

ಹೊಸ ಗಾಜು ಮುಂದಿನ ವಾರ ಬಂತು, ಆ ನಾಲಿಗೆಯೂ ಮತ್ತೆ ಬಾಗಿಲಿಗೇ ಸೇರಿತು. ಸಿದ್ದಪ್ಪ ಅದರ ಮುಂದೆ ನಿಂತು, ಒಳಗಿನ ಟೂಲಿಗಿಂತ ತನ್ನ ಮೀಸೆಯೇ ಚೆನ್ನಾಗಿ ಕಾಣುತ್ತದೆ ಎಂದು ಇನ್ನೂ ಗೊಣಗುತ್ತಾರೆ. ಪಂಪಿನ ಗಿರಾಕಿ ಹದಿನೈದು ದಿನ ಕಾಯಲು ಒಪ್ಪಿದ್ದಾರೆ. ಒಪ್ಪದಿದ್ದರೂ ಮಾವ ಗಾಜು ಹಾಕಿಸುತ್ತಿದ್ದರೇ ಎಂದು ನಾನು ಕೇಳಿಲ್ಲ. ಮುಚ್ಚಿದ ಬಾಗಿಲಿನ ಹೊರಗೆ ನಿಂತು, ಒಳಗೆ ಬಿಗಿದ ನಾಲ್ಕು ಕ್ಲಾಂಪುಗಳು ಸ್ಪಷ್ಟವಾಗಿ ಕಾಣುವಂತೆ ಒಂದು ಫೋಟೋ ತೆಗೆದು ಶೈಲಜಾ ಅವರಿಗೆ ಕಳಿಸಿದೆ. ಎಡಗಡೆಯ ಕ್ಲಾಂಪಿನ ಎತ್ತರ ಎಷ್ಟು ಎಂದು ತಕ್ಷಣ ಕೇಳಿದರು.

ಅದೇ ಫೋಟೋವನ್ನು ನಾಗರಾಜರಿಗೂ ಕಳಿಸಿದೆ. ಗೌಡರು ಅವರನ್ನು ಕೆಲಸದಿಂದ ತೆಗೆದಿರಲಿಲ್ಲ, ಆದರೆ ಅಲ್ಲಿಯ ಬಾಗಿಲು ಈಗಲೂ ತೆರೆದೇ ಇದೆಯಂತೆ. ಫೋಟೋದ ಕೆಳಗೆ ನಾನು ಬರೆದದ್ದು ಇಷ್ಟೇ, "ಮುಚ್ತೀವಿ ಅಣ್ಣ."

ಸಂಜೆ ಅವರ ಉತ್ತರ ಬಂತು. "ಮೇಡಂ, ಅವತ್ತು ಕೇಳೋದು ಮರ್ತೆ. ನಿಮ್ದು ಯಾವೂರು?"